ಪೈಪ್ ಸ್ಟೈಲ್ ಎಲ್ಲಿ ಇಡಬೇಕು? ಮೂರು ದಾರಿ ನೋಡಿದ ಮೇಲೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲಿಂಗ್, ಅಂದರೆ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಬೋಟ್‌ಗಳು ದಡ ಸೇರುತ್ತವೆ, ಐಸ್ ಪ್ಲಾಂಟ್‌ಗಳಲ್ಲಿ ರಿಪೇರಿ ಶುರುವಾಗುತ್ತದೆ. ಕಾರವಾರದಲ್ಲಿ ಕೂತು ಪೈಪಿಂಗ್ ಡ್ರಾಯಿಂಗ್ ಮಾಡುವ ನಮಗೆ ಆಗಲೇ ಕೈತುಂಬ ಕೆಲಸ. ಬೈತಖೋಲದ್ದು ಒಂದು, ಬೇಲೆಕೇರಿಯದ್ದು ಒಂದು, ತದಡಿಯದ್ದು ಇನ್ನೊಂದು, ಎಲ್ಲವೂ ಒಟ್ಟಿಗೆ. ನಾವು ಡ್ರಾಯಿಂಗ್ ಮಾಡುವ ಆಟೋಡೆಸ್ಕ್ ಇನ್ವೆಂಟರ್ ಸಾಫ್ಟ್‌ವೇರ್‌ನಲ್ಲಿ ಟ್ಯೂಬ್ ಮತ್ತು ಪೈಪ್ ಸ್ಟೈಲ್‌ಗಳು ಕಲಸಿಹೋಗುವುದೂ ಆಗಲೇ.

ಯಾವ ಪೈಪು, ಯಾವ ಎಲ್ಬೋ, ಎಷ್ಟು ವ್ಯಾಸ, ತುಂಡಿನ ಕನಿಷ್ಠ ಮತ್ತು ಗರಿಷ್ಠ ಉದ್ದ ಎಷ್ಟು, ಅಳತೆಯನ್ನು ಎಷ್ಟಕ್ಕೆ ರೌಂಡ್ ಮಾಡಬೇಕು, ಇಷ್ಟೂ ಸ್ಟೈಲ್ ಒಳಗೇ ಇರುತ್ತದೆ. ಫಿಟ್ಟಿಂಗ್ ಹಾಕುವ ಗಟ್ಟಿ ಪೈಪು, ಬಗ್ಗಿಸುವ ಟ್ಯೂಬು, ಹೋಸು ಮೂರಕ್ಕೂ ಬೇರೆ ಬೇರೆ ಸ್ಟೈಲ್. ಇದನ್ನು ಎಲ್ಲಿ ಕಾಪಾಡಿಕೊಳ್ಳಬೇಕು ಅಂತ ನಾನು ಮೂರು ದಾರಿ ನೋಡಿದೆ.

ಮೊದಲನೆಯದು ಎಲ್ಲರೂ ಮಾಡುವುದೇ. ಹಳೆಯ ಕೆಲಸದ ಅಸೆಂಬ್ಲಿಯನ್ನು (ಇಡೀ ಜೋಡಣೆಯ ಫೈಲನ್ನು) ಬೇರೆ ಹೆಸರಿನಲ್ಲಿ ಸೇವ್ ಮಾಡಿ ಮುಂದುವರಿಯುವುದು. ತುಂಬಾ ಬೇಗ ಆಗುತ್ತದೆ. ಸ್ಟೈಲ್‌ಗಳು ಆ ಫೈಲಿನ ಜೊತೆಗೇ ಬರುತ್ತವಲ್ವಾ, ತಪ್ಪೂ ಜೊತೆಗೇ ಬರುತ್ತದೆ. ಒಂದು ಸಲ ಫ್ರಿಯಾನ್ ಅನಿಲದಿಂದ ತಂಪು ಮಾಡುವ ಸಣ್ಣ ಕೋಲ್ಡ್ ರೂಮಿಗೆ ಮಾಡಿದ ಫೈಲಿನಿಂದ, ಅಮೋನಿಯಾದಿಂದ ತಂಪು ಮಾಡುವ ಐಸ್ ಪ್ಲಾಂಟಿನ ಲೈನ್ ಶುರು ಮಾಡಿದೆ. ಹಳೆಯ ತಾಮ್ರದ ಟ್ಯೂಬಿನ ಸ್ಟೈಲೇ ಆಕ್ಟಿವ್ ಆಗಿ ಉಳಿದಿತ್ತು. ಒಂದು ಕವಲಿಗೆ ಅದೇ ಬಿತ್ತು. ಸಾಮಾನಿನ ಪಟ್ಟಿ ನೋಡಿದ ಹಿರಿಯ ಫಿಟ್ಟರ್, "ತಮ್ಮಾ, ಅಮೋನಿಯಾಕ್ಕೆ ತಾಮ್ರ ಹಾಕ್ತಾರಾ?" ಅಂದರು. ಅಮೋನಿಯಾ ತಾಮ್ರವನ್ನು ತಿಂದುಬಿಡುತ್ತದೆ, ಅಲ್ಲಿ ಉಕ್ಕೇ ಬೇಕು. ಖರೀದಿಗೆ ಮೊದಲು ಗೊತ್ತಾಯಿತು, ಬಚಾವಾದೆವು. ಆವತ್ತಿನಿಂದ ಈ ದಾರಿ ಬಿಟ್ಟೆ.

ಎರಡನೆಯದು ಟೆಂಪ್ಲೇಟು, ಅಂದರೆ ಹೊಸ ಕೆಲಸ ಶುರು ಮಾಡುವ ಮಾದರಿ ಫೈಲು. ನಮ್ಮ ಸ್ಟೈಲ್‌ಗಳನ್ನು ಪೈಪ್ ರನ್‌ಗಳ (ಪೈಪು ಸಾಗುವ ದಾರಿಗಳ) ಟೆಂಪ್ಲೇಟಿನಲ್ಲೇ ಕೂರಿಸಿದರೆ ಪ್ರತಿ ಹೊಸ ಕೆಲಸವೂ ಶುದ್ಧ ಪಟ್ಟಿಯಿಂದ ಶುರುವಾಗುತ್ತದೆ. ನನಗೆ ಅತ್ಯಂತ ಇಷ್ಟವಾದದ್ದು ಇದೇ. ಕೂರಿಸುವಾಗ ಒಂದಿಡೀ ದಿನ ಹೋಯಿತು, ಬಹುಪಾಲು ಹೆಸರು ಇಡುವುದಕ್ಕೇ. ಹೆಸರಿಗೆ ಅಷ್ಟು ಸಮಯ ಯಾಕೆ ಅಂದರೆ, ಒಂದಿಂಚಿನ ಉಕ್ಕಿನ ಪೈಪಿಗೆ ಶೆಡ್ಯೂಲ್ (ಗೋಡೆಯ ದಪ್ಪದ ದರ್ಜೆ) 40 ಇರಲಿ, 80 ಇರಲಿ, ಹೊರ ವ್ಯಾಸ 33.4 ಮಿ.ಮೀ. ಗೋಡೆಯ ದಪ್ಪ ಮಾತ್ರ ಒಂದಕ್ಕೆ 3.38, ಇನ್ನೊಂದಕ್ಕೆ 4.55. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಉಪ್ಪು ಗಾಳಿ ತಿನ್ನುವ ಊರಲ್ಲಿ ಆ ಒಂದು ಮಿಲಿಮೀಟರ್ ದೊಡ್ಡದು. ಅದಕ್ಕೇ ಹೆಸರಿನಲ್ಲೇ "ಅಮೋನಿಯಾ-ಉಕ್ಕು-ಶೆ80-ವೆಲ್ಡ್" ಅಂತ ಬರೆದೆ. ಗರಿಷ್ಠ ಉದ್ದ 6000 ಮಿ.ಮೀ. ಕೊಟ್ಟೆ, ಅಂಗಡಿಯಲ್ಲಿ ನಮಗೆ ಸಿಗುವ ಪೈಪು 6 ಮೀಟರಿನದು. ಕೊಡದಿದ್ದರೆ ಸಾಫ್ಟ್‌ವೇರ್ ಸುಮ್ನೆ 9 ಮೀಟರಿನ ಒಂದೇ ತುಂಡು ಎಳೆದುಬಿಡುತ್ತದೆ, ಅಷ್ಟುದ್ದದ ಪೈಪು ನಮಗೆ ಸಿಗುವುದೇ ಇಲ್ಲ.

ಆದರೆ ಟೆಂಪ್ಲೇಟು ಬದಲಿಸಿದರೆ ಹಳೆಯ ಫೈಲುಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹೋದ ವರ್ಷ ತೆರೆದ ಕೆಲಸ ಹೋದ ವರ್ಷದ ಸ್ಟೈಲ್‌ನಲ್ಲೇ ನಿಂತಿರುತ್ತದೆ.

ಅಲ್ಲಿ ಮೂರನೆಯದು ಬೇಕಾಗುತ್ತದೆ. ಸ್ಟೈಲ್‌ಗಳನ್ನು ಮಾತ್ರ ಪ್ರತ್ಯೇಕವಾಗಿ ಎಕ್ಸ್‌ಎಂಎಲ್ (ಮಾಹಿತಿ ಬರೆದಿಡುವ ಒಂದು ಬಗೆಯ ಪಠ್ಯ) ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಂಪೋರ್ಟ್ ಮಾಡುವುದು. ಕುಮಟಾದಿಂದ ಕೆಲಸ ಮಾಡುವ ಗೆಳೆಯನಿಗೆ ವಾಟ್ಸಾಪಿನಲ್ಲೇ ಕಳಿಸಬಹುದು. ತೊಂದರೆ ಶುರುವಾದದ್ದು ಇಬ್ಬರೂ ತಿದ್ದಲು ಹೊರಟಾಗ. ಎರಡೇ ವಾರದಲ್ಲಿ ನಾಲ್ಕು ಫೈಲು, ಯಾವುದು ಸರಿ ಅಂತ ಇಬ್ಬರಿಗೂ ಗೊತ್ತಿಲ್ಲ. ಒಬ್ಬರೇ ತಿದ್ದಬೇಕು, ಫೈಲಿನ ಹೆಸರಲ್ಲಿ ತಾರೀಕು ಇರಬೇಕು ಅಂತ ಮಾಡಿಕೊಂಡ ಮೇಲೆ ಜಗಳ ಇಲ್ಲ.

ಈಗ ಹೊಸ ಕೆಲಸಕ್ಕೆ ಟೆಂಪ್ಲೇಟು, ಹಳೆಯದನ್ನು ತೆರೆದಾಗ ಎಕ್ಸ್‌ಎಂಎಲ್. ಒಬ್ಬರೇ ಕೂತು ವರ್ಷಕ್ಕೆ ಎರಡು ಕೆಲಸ ಮಾಡುವವರಿಗೆ ಇಷ್ಟೆಲ್ಲ ಜಾಸ್ತಿಯೇ ಆದೀತು, ಟೆಂಪ್ಲೇಟು ಒಂದೇ ಸಾಕು. ಮೇ ಕೊನೆಯಲ್ಲಿ ನಾನು ಆ ಫಿಟ್ಟರ್ ಜೊತೆ ಪೈಪಿನ ರ‍್ಯಾಕ್ ಮುಂದೆ ಒಂದು ಗಂಟೆ ನಿಲ್ಲುತ್ತೇನೆ. ಅಲ್ಲಿ ಇಲ್ಲದ ಪೈಪಿನ ಸ್ಟೈಲ್ ಟೆಂಪ್ಲೇಟಿನಿಂದ ಆವತ್ತೇ ಹೋಗುತ್ತದೆ.