ತ್ರೀ ಪಿನ್ ಪ್ಲಗ್ ಟಾಪ್: ವಿನ್ಯಾಸಕ್ಕೆ ಪೂರ್ಣ ಅಂಕ, ಅಂಗಡಿಯ ಮಾಲಿಗೆ ಅರ್ಧ

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಫೈವ್ ಆಂಪ್ಸ್ ಪ್ಲಗ್ ಟಾಪ್ ಕೊಡಿ’ ಅಂದರೆ ಮೂರು ನಾಲ್ಕು ಬಗೆಯವು ಕೌಂಟರಿನ ಮೇಲೆ ಬಂದು ಬೀಳುತ್ತವೆ. ಹೊರಗಿನಿಂದ ಎಲ್ಲವೂ ಒಂದೇ ಥರ. ಅರ್ಥ್ ಪಿನ್ (ಮೂರರಲ್ಲಿ ದಪ್ಪ, ಉದ್ದನೆಯದು; ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು) ಮತ್ತು ಅದರ ಸ್ಕ್ರೂ ನೋಡಿ ಆರಿಸಬೇಕು. ಉಳಿದೆರಡು ಪಿನ್ ಕೆಟ್ಟರೆ ತಾವೇ ಹೇಳಿಬಿಡುತ್ತವೆ: ಗ್ರೈಂಡರ್ ನಿಲ್ಲುತ್ತದೆ, ಪ್ಲಗ್ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಅರ್ಥ್ ವೈರ್ ಬಿಟ್ಟುಕೊಂಡರೆ ಗ್ರೈಂಡರ್ ಎಂದಿನಂತೆ ತಿರುಗುತ್ತಲೇ ಇರುತ್ತದೆ. ಒಳಗೆ ಫೇಸ್ (ಕರೆಂಟ್ ತರುವ ತಂತಿ) ಹೋಗಿ ಗ್ರೈಂಡರಿನ ಲೋಹದ ಬಾಡಿಗೆ ತಾಗಿದಾಗಲೇ ಅದು ಗೊತ್ತಾಗುವುದು, ಅದೂ ಮುಟ್ಟಿದವರಿಗೆ.

ಮೊದಲು ವಿನ್ಯಾಸ. ನಮ್ಮ ಗುಂಡು ಪಿನ್ನಿನ ಪ್ಲಗ್ ಬ್ರಿಟನ್ನಿನ ಹಳೆಯ ಬಿಎಸ್ 546 ಮಾದರಿಯದು, ಇಲ್ಲಿ ಅದರ ಮಾನಕ ಐಎಸ್ 1293. ಬ್ರಿಟಿಷರು 1947ರಲ್ಲಿ ಚಪ್ಪಟೆ ಪಿನ್ನಿನ ಬಿಎಸ್ 1363 ತಂದುಕೊಂಡರು, ನಾವು ಹಳೆಯದನ್ನೇ ಇಟ್ಟುಕೊಂಡೆವು. 6 ಆಂಪ್ಸ್ (ಅಂಗಡಿಯ ಮಾತಿನಲ್ಲಿ ‘ಫೈವ್ ಆಂಪ್ಸ್’) ಪ್ಲಗ್ಗಿನಲ್ಲಿ ಫೇಸ್, ನ್ಯೂಟ್ರಲ್ (ಕರೆಂಟ್ ಮರಳುವ) ಪಿನ್ನುಗಳ ದಪ್ಪ ಸುಮಾರು 5 ಮಿ.ಮೀ., ಅರ್ಥ್ ಪಿನ್ನಿನದು 7. ಉದ್ದ ಐದಾರು ಮಿ.ಮೀ. ಹೆಚ್ಚು. 16 ಆಂಪ್ಸಿನದರಲ್ಲಿ 7 ಮತ್ತು 8.7 ಮಿ.ಮೀ., ಉದ್ದದ ವ್ಯತ್ಯಾಸ ಸುಮಾರು 10. ಉದ್ದ ಇರುವುದರಿಂದ ಚುಚ್ಚುವಾಗ ಅರ್ಥ್ ಮೊದಲು ಸೇರುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಕರೆಂಟ್ ಇರುವ ಒಂದು ಕ್ಷಣವೂ ಉಪಕರಣದ ಬಾಡಿ ಅರ್ಥ್ ಇಲ್ಲದೆ ಇರಬಾರದು, ಅದಕ್ಕೆ. ಸಾಕೆಟ್ಟಿನ ಶಟರ್ (ಫೇಸ್, ನ್ಯೂಟ್ರಲ್ ತೂತುಗಳನ್ನು ಒಳಗಿನಿಂದ ಮುಚ್ಚಿರುವ ಬಾಗಿಲು) ತೆರೆಯುವುದೂ ಈ ಉದ್ದದಿಂದಲೇ.

ದಪ್ಪ ಯಾಕೆ? ‘ರೋಧ ಕಡಿಮೆಯಾಗಲಿ ಎಂದು’ ಅನ್ನುವುದು ಪರೀಕ್ಷೆಯಲ್ಲಿ ಅಂಕ ತರುವ ಉತ್ತರ. ಲೆಕ್ಕ ಹಾಕಿ ನೋಡಿದರೆ ಎರಡು ಸೆಂ.ಮೀ. ಹಿತ್ತಾಳೆ ಪಿನ್ನಿನ ರೋಧ ಲೆಕ್ಕಕ್ಕೇ ಬಾರದಷ್ಟು. ಅದಕ್ಕೆ ಕಟ್ಟಿದ 0.75 ಚದರ ಮಿ.ಮೀ. ತಾಮ್ರದ ವೈರಿನ ಒಂದೇ ಮೀಟರಿನದು ಅದಕ್ಕಿಂತ ನೂರಾರು ಪಟ್ಟು. ದಪ್ಪದ ನಿಜವಾದ ಕೆಲಸ, ಅರ್ಥ್ ಪಿನ್ ತಪ್ಪಿಯೂ ಫೇಸಿನ ತೂತಿಗೆ ಇಳಿಯದಂತೆ ತಡೆಯುವುದು. ಆದರೆ ಇಲ್ಲೊಂದು ಸಂದು ಉಳಿದಿದೆ: 6 ಆಂಪ್ಸಿನ ಅರ್ಥ್ ಪಿನ್ನೂ 16 ಆಂಪ್ಸಿನ ಫೇಸ್ ಪಿನ್ನೂ ಒಂದೇ ದಪ್ಪ. ಹಾಗಾಗಿ 16 ಆಂಪ್ಸಿನ ಪವರ್ ಸಾಕೆಟ್ಟಿಗೆ ಶಟರ್ ಇರಲೇಬೇಕು. ಪೆನ್ನಿನ ರೀಫಿಲ್ಲನ್ನೋ ಸ್ಕ್ರೂಡ್ರೈವರನ್ನೋ ಅರ್ಥ್ ತೂತಿಗೆ ತುರುಕಿ ಟೂ ಪಿನ್ ಚುಚ್ಚುವ ನಮ್ಮ ಮನೆಮನೆಯ ಅಭ್ಯಾಸ ಆ ಶಟರನ್ನೇ ಸೋಲಿಸುತ್ತದೆ. ಮಾಡಿ ಮಾಡಿ ಅದು ಸಡಿಲಾಗಿ ತೆರೆದೇ ಉಳಿಯುತ್ತದೆ.

ಬ್ರಿಟನ್ನಿನವರು ಆಮೇಲೆ ಸೇರಿಸಿಕೊಂಡ ಎರಡು ಒಳ್ಳೆಯ ಸಂಗತಿಗಳು ಇಲ್ಲಿನ ಬಹುತೇಕ ಪ್ಲಗ್ ಟಾಪಿನಲ್ಲಿಲ್ಲ: ಪ್ಲಗ್ಗಿನೊಳಗಿನ ಫ್ಯೂಸ್, ಮತ್ತು ಫೇಸ್-ನ್ಯೂಟ್ರಲ್ ಪಿನ್ನುಗಳ ಬುಡಕ್ಕೆ ಪ್ಲಾಸ್ಟಿಕ್ ಹೊದಿಕೆ. ಅರ್ಧ ಕಿತ್ತ ಪ್ಲಗ್ಗಿನಲ್ಲಿ ಮಗುವಿನ ಬೆರಳು ಪಿನ್ನಿಗೆ ತಾಗದಿರಲಿ ಎಂದು ಆ ಹೊದಿಕೆ. ಅದೇ ಹೊದಿಕೆ ಅರ್ಥ್ ಪಿನ್ನಿಗೂ ಇದ್ದರೆ ಅಂಥ ಪ್ಲಗ್ ಬೇಡ, ಸಾಕೆಟ್ಟಿನೊಳಗೆ ಲೋಹಕ್ಕೆ ಲೋಹ ತಾಗುವುದು ತಪ್ಪಬಹುದು.

ಕೊಳ್ಳುವಾಗ ಫ್ರಿಜ್ ಬಾಗಿಲಿನ ಸಾಮಾನ್ಯ ಮ್ಯಾಗ್ನೆಟ್ ಜೇಬಿನಲ್ಲಿರಲಿ. ಪಿನ್ನಿಗೆ ಗಟ್ಟಿಯಾಗಿ ಅಂಟಿಕೊಂಡರೆ ಅದು ಮೇಲೆ ಲೇಪನ ಬಳಿದ ಕಬ್ಬಿಣ; ಹಿತ್ತಾಳೆಗೆ ಅಂಟುವುದಿಲ್ಲ. ಐಎಸ್ಐ ಗುರುತಿನ ಕೆಳಗಿನ ಸಿಎಂ/ಎಲ್ (ಪರವಾನಗಿ) ಸಂಖ್ಯೆಯನ್ನು ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಆಮೇಲೆ ಮುಚ್ಚಳ ಬಿಚ್ಚಿಸಿ. ಅಂಗಡಿಯವರು ಗೊಣಗಿದರೆ ಗೊಣಗಲಿ. ಒಳಗೆ ವೈರನ್ನು ಹಿಡಿಯುವ ಪಟ್ಟಿ, ಅದಕ್ಕೆ ಎರಡು ಸ್ಕ್ರೂ ಇರಬೇಕು. ಅರ್ಥ್ ಟರ್ಮಿನಲ್ಲಿನ ಸ್ಕ್ರೂ ಎರಡು ಸುತ್ತಿಗೇ ಜಾರಿದರೆ ಅದನ್ನು ಅಲ್ಲೇ ವಾಪಸ್ ಕೊಡಿ.

ವೈರ್ ಕಟ್ಟುವಾಗ: ಪಿನ್ನುಗಳು ಆಚೆಗಿದ್ದು, ಅರ್ಥ್ ಮೇಲಿರುವಂತೆ ಹಿಡಿದರೆ ಬಲಕ್ಕೆ ಫೇಸ್ (ಕಂದು, ಹಳೆಯ ವೈರಿನಲ್ಲಿ ಕೆಂಪು), ಎಡಕ್ಕೆ ನ್ಯೂಟ್ರಲ್ (ನೀಲಿ, ಹಳೆಯದರಲ್ಲಿ ಕಪ್ಪು), ಮೇಲಕ್ಕೆ ಹಸಿರು-ಹಳದಿ. ಅರ್ಥ್ ವೈರನ್ನು ಉಳಿದೆರಡಕ್ಕಿಂತ ಒಂದು ಸೆಂ.ಮೀ.ನಷ್ಟು ಸಡಿಲ ಬಿಡಿ. ಯಾರಾದರೂ ವೈರ್ ಹಿಡಿದು ಜಗ್ಗಿದರೆ ಫೇಸ್ ಮೊದಲು ಕಿತ್ತುಬರಬೇಕು, ಅರ್ಥ್ ಕೊನೆಗೆ. ತುದಿ ಆರೆಂಟು ಮಿ.ಮೀ. ಸುಲಿದು, ಎಳೆಗಳನ್ನು ಹೊಸೆದು, ತೆಳುವಾಗಿದ್ದರೆ ಮಡಚಿ ಹಾಕಿ. ತುದಿಗೆ ಸೋಲ್ಡರ್ ಬೇಡ, ಸ್ಕ್ರೂ ಒತ್ತಡಕ್ಕೆ ಸೀಸ ನಿಧಾನವಾಗಿ ಜಗ್ಗಿಕೊಂಡು ಹಿಡಿತ ಸಡಿಲಾಗುತ್ತದೆ. ಪಟ್ಟಿ ಹೊರಗವಚವನ್ನು ಹಿಡಿಯಬೇಕು, ಒಳಗಿನ ಬಣ್ಣದ ವೈರುಗಳನ್ನಲ್ಲ. ಮುಗಿದ ಮೇಲೆ, ಪ್ಲಗ್ ಬೋರ್ಡಿನಿಂದ ಹೊರಗಿರುವಾಗಲೇ, ಅರ್ಥ್ ಪಿನ್ನಿಗೂ ಉಪಕರಣದ ಬಣ್ಣವಿಲ್ಲದ ಲೋಹದ ಭಾಗಕ್ಕೂ ಮಲ್ಟಿಮೀಟರ್ ಹಿಡಿದರೆ ಒಂದು ಓಮಿಗಿಂತ ಕಡಿಮೆ ತೋರಿಸಬೇಕು. ಕಂಪನಿಯಿಂದಲೇ ಅಚ್ಚೊತ್ತಿ ಬಂದ ನಮ್ಮ ಮಾದರಿಯ ಪ್ಲಗ್ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಅದನ್ನು ಕತ್ತರಿಸಬೇಡಿ.

ಎಲ್ಲಕ್ಕಿಂತ ಕಡಿಮೆ ಅಂಕ ‘ಯೂನಿವರ್ಸಲ್’ ಎಕ್ಸ್‌ಟೆನ್ಷನ್ ಬಾಕ್ಸಿಗೆ. ಎಲ್ಲ ದೇಶದ ಪಿನ್ನಿಗೂ ಹೊಂದಬೇಕಾದ ತೂತು ಯಾವುದನ್ನೂ ಸರಿಯಾಗಿ ಹಿಡಿಯುವುದಿಲ್ಲ. ಎಷ್ಟೋ ಬಾಕ್ಸುಗಳಲ್ಲಿ ಸಾಲಾಗಿ ಮೂರು ತೂತಿನ ಸಾಕೆಟ್ಟುಗಳಿರುತ್ತವೆ, ಬಾಕ್ಸಿನ ಸ್ವಂತ ವೈರಿಗೆ ಮಾತ್ರ ಎರಡೇ ಪಿನ್ನು! ಅಲ್ಲಿಗೆ ಚುಚ್ಚಿದ ಯಾವ ಅರ್ಥ್ ಪಿನ್ನೂ ಎಲ್ಲಿಗೂ ತಲುಪುವುದಿಲ್ಲ. ಕಂಪ್ಯೂಟರ್ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದು ಹೆಚ್ಚಾಗಿ ಇಂಥ ಕಡೆ, ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಬಾಡಿಗೆ ಮನೆಯ ಕರೆಂಟಿನ ಸುಮಾರು ಅರ್ಧ ವೋಲ್ಟೇಜ್ ಬಂದು ಕೂತಿರುತ್ತದೆ. ಯುರೋಪಿನಿಂದ ತಂದ ಕಾಫಿ ಮೆಷಿನ್ನಿನ ಶುಕೋ ಪ್ಲಗ್ಗಿನದೂ ಇದೇ ಕಥೆ. ಅದರ ಅರ್ಥ್ ಇರುವುದು ಪಕ್ಕದ ಲೋಹದ ಪಟ್ಟಿಯಲ್ಲಿ, ನಮ್ಮ ಬಾಕ್ಸಿನಲ್ಲಿ ಅದಕ್ಕೆ ತಾಗುವಂಥದ್ದೇನೂ ಇಲ್ಲ. ಅಂಥ ಉಪಕರಣಕ್ಕೆ ಪ್ಲಗ್ಗನ್ನೇ ಬದಲಿಸಬೇಕು.

ಪ್ಲಗ್ ಚೆನ್ನಾಗಿದ್ದು ಗೋಡೆಯ ಸಾಕೆಟ್ಟಿನಲ್ಲೇ ಅರ್ಥ್ ಇಲ್ಲದಿದ್ದರೆ ಏನು ಬಂತು? ಮಲ್ಟಿಮೀಟರಿನಲ್ಲಿ ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್-ಅರ್ಥ್ ನಡುವೆಯೂ ಬಹುತೇಕ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಕೆಲವೇ ವೋಲ್ಟ್ ಬರಬೇಕು. ಗೀಸರ್, ಇಸ್ತ್ರಿಪೆಟ್ಟಿಗೆ ಎರಡೂ ಓಡುತ್ತಿರುವಾಗಲೂ ನ್ಯೂಟ್ರಲ್-ಅರ್ಥ್ ಅಲುಗಾಡದೆ ಸೊನ್ನೆ ತೋರಿಸಿದರೆ ಸಂತೋಷಪಡಬೇಡಿ, ಸಾಕೆಟ್ಟಿನ ಹಿಂದೆ ಯಾರೋ ಎರಡನ್ನೂ ಸೇರಿಸಿ ಕಟ್ಟಿರುವ ಸಾಧ್ಯತೆ ಇದೆ. ಹಾಗೆ ಕಟ್ಟಿದ ಕಡೆ ನ್ಯೂಟ್ರಲ್ ಕಿತ್ತರೆ ಉಪಕರಣದ ಬಾಡಿಗೆ ಪೂರ್ತಿ ಫೇಸ್ ಬರುತ್ತದೆ. 30 ಮಿಲಿಆಂಪ್ಸಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿ, ಆದರೆ ಅದು ಅರ್ಥಿಗೆ ಬದಲಿಯಲ್ಲ. ಅರ್ಥ್ ಇದ್ದರೆ ಬಾಡಿಗೆ ಫೇಸ್ ತಾಗುತ್ತಲೇ ಅದು ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ.

16 ಆಂಪ್ಸ್ ಪ್ಲಗ್ಗನ್ನು 6 ಆಂಪ್ಸ್ ಸಾಕೆಟ್ಟಿಗೆ ಇಳಿಸುವ ಕನ್ವರ್ಟರಿಗೆ ಅಂಕವೇ ಇಲ್ಲ. 2,000 ವ್ಯಾಟಿನ ಇಂಡಕ್ಷನ್ ಒಲೆ ಎಳೆಯುವುದು ಸುಮಾರು 8.7 ಆಂಪ್ಸ್.