ಪೆಟ್ಟಿಗೆಯ ಮೇಲೆ ಮಾರ್ಕ್ 8, ಒಳಗೆ ಮಾರ್ಕ್ 5: ಈ ಸ್ಪಿಟ್‌ಫೈರ್ ಕಿಟ್ ಕೊಳ್ಳಬೇಡಿ

ಸ್ಪಿಟ್‌ಫೈರ್ ಎಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ; ಮಾರ್ಕ್ 5, ಮಾರ್ಕ್ 8 ಅದರ ಬೇರೆ ಬೇರೆ ಮಾದರಿಗಳು. ಇದು ಮಾರ್ಕ್ 8 ಎಂದು ಮಾರುವ, ನಾವೇ ಜೋಡಿಸಬೇಕಾದ 1/72 ಅಳತೆಯ ಪ್ಲಾಸ್ಟಿಕ್ ಕಿಟ್. ಪೆಟ್ಟಿಗೆಯ ಮೇಲೆ ಬರ್ಮಾ ಕಾಡಿನ ಚಿತ್ರ, ಪಕ್ಕದಲ್ಲಿ ಭಾರತೀಯ ವಾಯುಪಡೆಯ 8ನೇ ಸ್ಕ್ವಾಡ್ರನ್ನಿನ ಗುರುತು. 1944ರಲ್ಲಿ ನಮ್ಮ ವಾಯುಪಡೆಯಲ್ಲಿ ಮೊದಲು ಸ್ಪಿಟ್‌ಫೈರ್ ಸಿಕ್ಕಿದ್ದು ಈ ಸ್ಕ್ವಾಡ್ರನ್ನಿಗೇ. ಹಾಗಾಗಿ ಕಂಡ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ತಡೆಯಿರಿ. ಪೆಟ್ಟಿಗೆ ಹೊಸದು, ಅಚ್ಚು ಹಳೆಯದು, ಅದೂ ಬೇರೆ ವಿಮಾನದ್ದು.

ಮೊದಲ ಸುಳಿವು ಪ್ರೊಪೆಲರ್. ಮಾರ್ಕ್ 8ಕ್ಕೆ ನಾಲ್ಕು ಅಲಗು, ಇಲ್ಲಿರುವುದು ಮೂರು. ರೆಕ್ಕೆಯ ಅಡಿ ನೋಡಿ: ಎರಡೂ ಬದಿಗೆ ಒಂದೇ ಗಾತ್ರದ ರೇಡಿಯೇಟರ್ ಗೂಡು ಬೇಕು. ಇದರಲ್ಲಿ ಬಲಕ್ಕೊಂದು ದೊಡ್ಡದು, ಎಡಕ್ಕೊಂದು ಸಣ್ಣ ಆಯಿಲ್ ಕೂಲರ್. ಬಾಲಚಕ್ರ ಮಡಚಿಕೊಳ್ಳುವಂಥದಲ್ಲ, ಬಾಗಿಲಿನ ಗೆರೆಯೂ ಇಲ್ಲ. ಇಷ್ಟೂ ಮಾರ್ಕ್ 5ರ ಲಕ್ಷಣ. ಅಳತೆಪಟ್ಟಿ ಇಟ್ಟರೆ ಅನುಮಾನ ಉಳಿಯುವುದಿಲ್ಲ. ಸ್ಪಿನ್ನರ್ (ಪ್ರೊಪೆಲರ್ ನಡುವಿನ ಚೂಪು ಟೋಪಿ) ತುದಿಯಿಂದ ಬಾಲದ ತುದಿವರೆಗೆ 127 ಮಿಮೀ. ನಿಜವಾದ ಮಾರ್ಕ್ 5ರ ಉದ್ದ 9.12 ಮೀಟರ್, ಅದನ್ನು 72ರಿಂದ ಭಾಗಿಸಿದರೆ ಬರುವುದು ಹೆಚ್ಚುಕಡಿಮೆ ಇದೇ. ಮಾರ್ಕ್ 8ಕ್ಕೆ 131 ಮಿಮೀ ದಾಟಬೇಕು. ಎರಡು ಹಂತದ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಇರುವ ಮರ್ಲಿನ್ 60 ಸರಣಿಯ ಎಂಜಿನ್ ಕೂರಿಸಲು ಮೂತಿ ಉದ್ದವಾಗಿತ್ತು. ಆ ಉದ್ದವೇ ಇದಕ್ಕಿಲ್ಲ. ರೆಕ್ಕೆಯ ಅಗಲ ಮಾತ್ರ 156 ಮಿಮೀ, ಸರಿಯಾಗಿದೆ. ಆದರೆ ಅದು ಎರಡೂ ಮಾದರಿಗೆ ಒಂದೇ ಆದ್ದರಿಂದ ಅದೊಂದನ್ನೇ ಅಳೆದು ನೆಮ್ಮದಿಪಟ್ಟರೆ ಮೋಸ ಹೋದಂತೆ.

ಅಚ್ಚು ಸವೆದಿರುವುದು ಎಲ್ಲೆಲ್ಲೂ ಕಾಣುತ್ತದೆ. ಅಂಚುಗಳಲ್ಲಿ ತೆಳು ಪೊರೆ ಹಬ್ಬಿದೆ. ಚಕ್ರದ ಕಾಲಿನಂಥ ಸಣ್ಣ ಭಾಗಗಳಲ್ಲಿ ಪೊರೆ ಯಾವುದು, ಭಾಗ ಯಾವುದು ಎಂದು ತಿಳಿಯುವುದಿಲ್ಲ. ರೆಕ್ಕೆಯ ಹಿಂದಂಚಿನ ಒಂದು ಕಡೆ ಪ್ಲಾಸ್ಟಿಕ್ ತಲುಪೇ ಇಲ್ಲ. ಒಳಗಡೆ ಜೋಡಣೆಯ ಗೂಟವಿರುವಲ್ಲಿ ಹೊರಮೈ ಕುಳಿಬಿದ್ದಿದೆ, ಏಕೆಂದರೆ ದಪ್ಪಗಿರುವ ಜಾಗ ಆರುವಾಗ ಹೆಚ್ಚು ಕುಗ್ಗುತ್ತದೆ. ಫಲಕದ ಗೆರೆಗಳು ಉಬ್ಬಿಕೊಂಡಿವೆ. ಕುಳಿಗೆ ಪುಟ್ಟಿ ತುಂಬಿ ಉಪ್ಪುಕಾಗದ ಹಾಕಿದರೆ ಸುತ್ತಲಿನ ಗೆರೆಯೂ ಅಳಿಸಿಹೋಗುತ್ತದೆ.

ಒಡಲಿನ ಎರಡು ಹೋಳುಗಳೂ ಬಾಳೆಕಾಯಿಯಂತೆ ಬಾಗಿವೆ. ಬಿಸಿನೀರಲ್ಲಿ ನೆನೆಸಿ ನೇರ ಮಾಡಬಹುದು, ಕುದಿಯುವ ನೀರು ಮಾತ್ರ ಬೇಡ: ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ 100 ಡಿಗ್ರಿಯ ಹತ್ತಿರ ಮೆತ್ತಗಾಗಿ ಪೂರಾ ಆಕಾರ ಕೆಡುತ್ತದೆ. ಆಮೇಲೂ ರೆಕ್ಕೆ ಒಡಲಿಗೆ ಸೇರುವಲ್ಲಿ ಎರಡು ಬದಿಗೂ ಸುಮಾರು 1 ಮಿಮೀ ಸಂದು ಉಳಿಯುತ್ತದೆ. ರೆಕ್ಕೆಯನ್ನು ಮೇಲಕ್ಕೆ ಎಳೆದು ಸಂದು ಮುಚ್ಚಿದರೆ 6 ಡಿಗ್ರಿಯ ಏರುಕೋನ ಹೆಚ್ಚಾಗಿ ವಿಮಾನ ಹದ್ದಿನಂತೆ ಕಾಣುತ್ತದೆ. ಸ್ಪ್ರೂ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ತುಂಡೊಂದನ್ನು ಒಡಲೊಳಗೆ ಅಡ್ಡ ಕೊಟ್ಟು ಅಗಲಿಸುವುದು ಸರಿಯಾದ ದಾರಿ. ಉಳಿದದ್ದಕ್ಕೆ ಪ್ಲಾಸ್ಟಿಕ್ ಹಾಳೆಯ ಪಟ್ಟಿ ತೂರಿಸಿ. ಟ್ಯೂಬ್ ಪುಟ್ಟಿ ಒಣಗಿದಂತೆ ಕುಗ್ಗಿ ಸಂದು ಮತ್ತೆ ತೋರುತ್ತದೆ.

ಡಿಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತು) ಹಾಳೆಯ ತಪ್ಪು ಅಕ್ಷಮ್ಯ. ಬರ್ಮಾ ರಣರಂಗದಲ್ಲಿ ಜಪಾನಿನ ಕೆಂಪು ಸೂರ್ಯನೆಂದು ಭ್ರಮೆಯಾಗದಿರಲೆಂದೇ ವಿಮಾನದ ಮೇಲಿನ ವಾಯುಪಡೆಯ ವೃತ್ತಾಕಾರದ ಗುರುತಿನ ನಡುವಿನ ಕೆಂಪನ್ನು ತೆಗೆದು ಕಡುನೀಲಿಯೊಳಗೆ ತಿಳಿನೀಲಿ ಬಳಿದಿದ್ದರು. ಇಲ್ಲಿ ಕೆಂಪು ಬೊಟ್ಟು ರಾಜಾರೋಷವಾಗಿ ಕೂತಿದೆ, ಅದೂ ಒಂದು ಬದಿಗೆ ಸರಿದು! ಹಾಳೆ ಹಳದಿಗಟ್ಟಿದೆ. ನೀರಿಗೆ ಹಾಕಿದ ಮೊದಲ ಡಿಕಾಲ್ ಮೂರು ಚೂರಾಗುತ್ತದೆ.

ಕೊಳ್ಳುವ ಮೊದಲು ಮುಚ್ಚಳದ ಚಿತ್ರಕ್ಕೆ ಸೋಲದೆ, ಸ್ಪ್ರೂಗಳ ಫೋಟೋ ಕೇಳಿ. ಪ್ರೊಪೆಲರ್, ರೆಕ್ಕೆಯ ಅಡಿಭಾಗ, ಬಾಲ ಈ ಮೂರು ಕಂಡರೆ ಸಾಕು. ಕೆಲವು ಕಿಟ್‌ಗಳಲ್ಲಿ ರೆಕ್ಕೆಯ ಒಳಮೈ ಮೇಲೆ ಅಚ್ಚಿನ ಇಸವಿಯೇ ಇರುತ್ತದೆ, ಅದರ ಫೋಟೋವನ್ನೂ ಕೇಳಿ. ಮಾರುವವರು ಫೋಟೋ ಕೊಡಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ. ಪಾರ್ಸೆಲ್ ಬಂದ ಮೇಲೂ ಒಳಗಿನ ಪ್ಲಾಸ್ಟಿಕ್ ಚೀಲ ಒಡೆಯದೆ ಹೊರಗಿಂದಲೇ ಅಳೆಯಿರಿ. ಚೀಲ ಹರಿದರೆ ವಾಪಸ್ ತೆಗೆದುಕೊಳ್ಳುವವರು ಕಡಿಮೆ.

ಈಗಾಗಲೇ ಕೊಂಡಿದ್ದರೆ ಮೂತಿ ಕತ್ತರಿಸಿ ಉದ್ದ ಮಾಡುವ ಸಾಹಸ ಬೇಡ. ಬೇರೆ ಡಿಕಾಲ್ ತರಿಸಿ ಮಾರ್ಕ್ 5 ಎಂದೇ ಕಟ್ಟಿ. ಕ್ಯಾನೋಪಿಗೆ (ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ) ಸೂಪರ್ ಗ್ಲೂ ಮುಟ್ಟಿಸಬೇಡಿ, ಅದರ ಆವಿಗೆ ಗಾಜು ಮಂಜುಗಟ್ಟುತ್ತದೆ. ಬಿಳಿ ಫೆವಿಕಾಲ್ ಸಾಕು.