ಡ್ರೈವಿಂಗ್ ಕೋರ್ಸ್ ಮಾಡಿದರೆ ಕಾರಿನ ಇನ್ಶೂರೆನ್ಸ್ ಅಗ್ಗವಾಗುತ್ತದೆಯೇ? ಮುಂಬಯಿಯಲ್ಲಿ ಮೂರು ವರ್ಷ ಬಳಸಿದ ಮೇಲಿನ ಲೆಕ್ಕ

ಅಂಕ: ಕಲಿಸುವ ಕೆಲಸಕ್ಕೆ ಐದಕ್ಕೆ ನಾಲ್ಕು. ‘ಪ್ರೀಮಿಯಂ ಇಳಿಯುತ್ತದೆ’ ಎಂದು ಡ್ರೈವಿಂಗ್ ಸ್ಕೂಲಿನ ಕೌಂಟರಿನಲ್ಲಿ ಹೇಳುವ ಮಾತಿಗೆ ಸೊನ್ನೆ.

ಬಳಸಿದ್ದು: ಲೈಸೆನ್ಸ್ ಕೈಗೆ ಬಂದ ಮೇಲೆ ಹತ್ತು ದಿನದ ರಿಫ್ರೆಶರ್ ಕೋರ್ಸ್, ದಿನಕ್ಕೆ ಒಂದು ಗಂಟೆ. ಮರುವರ್ಷ ಒಂದು ದಿನದ ಡಿಫೆನ್ಸಿವ್ ಡ್ರೈವಿಂಗ್ (ಅಪಾಯವನ್ನು ಮೊದಲೇ ಊಹಿಸಿ ಓಡಿಸುವ) ತರಗತಿ. ಜೊತೆಗೆ ಒಂದು ವರ್ಷ, ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ, ಓಡಿಸುವ ರೀತಿ ನೋಡಿ ರಿಯಾಯಿತಿ ಕೊಡುವ ಮೊಬೈಲ್ ಆ್ಯಪ್‌ನ ಆ್ಯಡ್-ಆನ್. ಗಾಡಿ 1200 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೈಗೇರು. ಓಡಾಟ ಥಾಣೆ–ಅಂಧೇರಿ, ಆಗಾಗ ಪುಣೆ, ವರ್ಷಕ್ಕೆ ಎರಡು ಸಲ ಊರು.

ಮೊದಲು ಸರ್ಟಿಫಿಕೇಟಿನ ವಿಷಯ. ಕೋರ್ಸ್ ಮುಗಿಸಿದರೆ ಇನ್ಶೂರೆನ್ಸ್ ಇಳಿಯುತ್ತದೆ ಎಂಬುದು ಪೂರ್ತಿ ಸುಳ್ಳಲ್ಲ, ಬೇರೆ ದೇಶದ ಮಾತು. ಬ್ರಿಟನ್ನಿನಲ್ಲಿ ಹೊಸ ಚಾಲಕರಿಗೆ ‘ಪಾಸ್ ಪ್ಲಸ್’ ಎಂಬ ಕೋರ್ಸ್ ಇದೆ: ಕನಿಷ್ಠ 6 ಗಂಟೆ, ಆರು ಪಾಠ, ಪೇಟೆ, ಹಳ್ಳಿ ರಸ್ತೆ, ಎಲ್ಲ ಬಗೆಯ ಹವೆ, ರಾತ್ರಿ, ಜೋಡಿರಸ್ತೆ, ಮೋಟರ್‌ವೇ. ಅದನ್ನು ಮುಗಿಸಿದವರಿಗೆ ಅಲ್ಲಿಯ ಕೆಲವು ಕಂಪನಿಗಳು ರಿಯಾಯಿತಿ ಕೊಡುತ್ತವೆ. ನ್ಯೂಯಾರ್ಕ್ ರಾಜ್ಯದಲ್ಲಂತೂ ಮಾನ್ಯತೆ ಇರುವ ಕೋರ್ಸಿಗೆ ಮೂರು ವರ್ಷ 10% ಕಡಿತ ಕಾನೂನಿನಲ್ಲೇ ಇದೆ. ಅಲ್ಲಿ ಪ್ರೀಮಿಯಂ ಲೆಕ್ಕ ಹಾಕುವುದು ಯಾರು ಓಡಿಸುತ್ತಾರೆ ಎಂಬುದರ ಮೇಲೆ. ಹದಿನೆಂಟರ ಹುಡುಗನ ಹೆಸರು ಪಾಲಿಸಿಗೆ ಸೇರಿದೊಡನೆ ಮೊತ್ತ ಏರುತ್ತದೆ, ಅದನ್ನು ಇಳಿಸಲು ಕೋರ್ಸು.

ನಮ್ಮಲ್ಲಿ ಪಾಲಿಸಿ ಮುಖ್ಯವಾಗಿ ಗಾಡಿಯ ಮೇಲೆ. ಮಾಲೀಕರ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ರಕ್ಷಣೆ ಇರುತ್ತದೆ. ಅಪ್ಪನ ಗಾಡಿಯನ್ನು ಮಗಳು ಓಡಿಸಲು ಶುರುಮಾಡಿದಳೆಂದು ಯಾರೂ ಹೆಚ್ಚು ಕೇಳುವುದಿಲ್ಲ. ಹಾಗಾಗಿ ಅವಳು ಕೋರ್ಸ್ ಮಾಡಿದಳೆಂದು ಕಡಿಮೆಯೂ ಮಾಡುವುದಿಲ್ಲ. ಥರ್ಡ್ ಪಾರ್ಟಿ ಭಾಗವನ್ನು, ಅಂದರೆ ಬೇರೆಯವರಿಗಾದ ಹಾನಿಗೆ ಕಟ್ಟುವುದನ್ನು, ಸರಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ದರದಲ್ಲಿ 1000 ಸಿಸಿ ಒಳಗಿನ ಕಾರಿಗೆ 2,094, 1500ರವರೆಗೆ 3,416, ಅದಕ್ಕೂ ದೊಡ್ಡದಕ್ಕೆ 7,897 ರೂಪಾಯಿ. ಏಜೆಂಟ್ ಎಷ್ಟೇ ಬೇಕಾದವರಾಗಿರಲಿ, ಇದರಲ್ಲಿ ಒಂದು ರೂಪಾಯಿ ಬಿಡಲು ಬರುವುದಿಲ್ಲ. ಹೆಚ್ಚುಕಡಿಮೆ ಆಗುವುದು ಓನ್ ಡ್ಯಾಮೇಜ್, ಅಂದರೆ ನಮ್ಮದೇ ಗಾಡಿಯ ಹಾನಿಯ ಭಾಗ ಮಾತ್ರ. ಅದನ್ನು ನಿರ್ಧರಿಸುವುದು ಗಾಡಿಯ ಐಡಿವಿ (ಪಾಲಿಸಿ ಲೆಕ್ಕ ಹಿಡಿಯುವ ಗಾಡಿಯ ಈಗಿನ ಬೆಲೆ), ಎಂಜಿನ್, ವಯಸ್ಸು, ನೋಂದಣಿಯ ಊರು. ಹಳೆಯ ಟ್ಯಾರಿಫ್‌ನಲ್ಲಿ, ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಇದ್ದ ದರಪಟ್ಟಿಯಲ್ಲಿ, ಮುಂಬಯಿ, ಪುಣೆ ಎರಡೂ ದರ ಹೆಚ್ಚಿರುವ ಎ ವಲಯ, ಗೋವಾ ಕಡಿಮೆಯ ಬಿ ವಲಯ. ಇದೇ ಓನ್ ಡ್ಯಾಮೇಜ್ ಮೇಲೆ ಎನ್‌ಸಿಬಿ ಬರುತ್ತದೆ, ಅಂದರೆ ಕ್ಲೇಮು ಮಾಡದ ವರ್ಷಕ್ಕೆ ಸಿಗುವ ಬೋನಸ್. ಕೋರ್ಸಿನ ದುಡ್ಡು ವಾಪಸ್ ಬರುವ ಮುಖ್ಯ ದಾರಿ ಇದೇ.

ಎನ್‌ಸಿಬಿ ಮೆಟ್ಟಿಲು ಹೀಗೆ: ಒಂದು ವರ್ಷ ಕ್ಲೇಮು ಇಲ್ಲದಿದ್ದರೆ 20%, ಮುಂದೆ 25, 35, 45, ಐದು ವರ್ಷಕ್ಕೆ 50. ಒಂದೇ ಒಂದು ಕ್ಲೇಮು, ಮತ್ತೆ ಸೊನ್ನೆಯಿಂದ. ಲೆಕ್ಕ ಸುಲಭವಾಗಲೆಂದು ಓನ್ ಡ್ಯಾಮೇಜ್ ಪ್ರೀಮಿಯಂ 12,000 ರೂಪಾಯಿ, ಬದಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ಈಗ ನಿಮಗೆ 35% ಇದೆ. ಬಂಪರ್ ಒಡೆಯಿತು, ಬಿಡಿಭಾಗ, ಬಣ್ಣ, ಕೂಲಿ ಎಲ್ಲ ಸೇರಿ 8,500. ಕ್ಲೇಮು ಮಾಡಿದಿರಿ. ಮುಂದಿನ ವರ್ಷ 45% ಸಿಗಬೇಕಿತ್ತು, ಸಿಕ್ಕಿದ್ದು ಸೊನ್ನೆ: 5,400 ಹೋಯಿತು. ಅದರ ಮರುವರ್ಷ 50ರ ಬದಲು 20: 3,600. ಆಮೇಲೆ 3,000, 1,800, 600. ಕೂಡಿದರೆ 14,400, ಮೇಲೆ 18% ಜಿಎಸ್‌ಟಿ. ವರ್ಷ ಕಳೆದಂತೆ ಐಡಿವಿ ಇಳಿಯುವುದರಿಂದ ನಿಜದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ ಇದ್ದೀತು, ಆದರೂ ಬಂಪರಿನ ಬೆಲೆಯನ್ನು ದಾಟುತ್ತದೆ. ಇತ್ತ ಕ್ಲೇಮಿನಲ್ಲಿ ಸಿಗುವುದೂ ಪೂರ್ತಿ 8,500 ಅಲ್ಲ. 1500 ಸಿಸಿವರೆಗೆ 1,000 ರೂಪಾಯಿ ಕಡ್ಡಾಯ ಕಡಿತ. ಝೀರೋ ಡೆಪ್ರಿಸಿಯೇಶನ್ (ಸವೆತದ ಕಡಿತವಿಲ್ಲದ ಆ್ಯಡ್-ಆನ್) ತೆಗೆದುಕೊಂಡಿಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆ ಮಾತ್ರ.

ಹೊಸಬರ ಗಾಡಿಗೆ ಇಂಥ ಬಂಪರ್ ಗಾಯಗಳೇ ಹೆಚ್ಚು. ಕಂಬಕ್ಕೆ ಉಜ್ಜಿದ್ದು, ಗೇಟಿಗೆ ತಾಗಿದ್ದು, ಹಿಂದೆ ಸರಿಯುವಾಗ ಇನ್ನೊಬ್ಬರ ಗಾಡಿಗೆ ಮುತ್ತಿಟ್ಟದ್ದು. ಕೋರ್ಸ್ ಆಯ್ಕೆ ಮಾಡುವಾಗ ನೋಡಬೇಕಾದದ್ದು ಅಲ್ಲಿ ಈ ನಾಲ್ಕೈದು ಪೆಟ್ಟು ತಪ್ಪಿಸಲು ಕಲಿಸುತ್ತಾರೆಯೇ ಎಂಬುದನ್ನು. ಟ್ರಾಫಿಕ್ ಚಿಹ್ನೆಯ ಚಿತ್ರಪುಸ್ತಕ ಲೈಸೆನ್ಸ್ ಟೆಸ್ಟಿಗೇ ಓದಿ ಆಗಿರುತ್ತದೆ.

ಹತ್ತು ದಿನದ ಕೋರ್ಸಿನಲ್ಲಿ ಮೊದಲ ನಾಲ್ಕು ದಿನ ವ್ಯರ್ಥ. ಕಾರಣ ಡ್ಯುಯಲ್ ಕಂಟ್ರೋಲ್. ಕಲಿಸುವವರ ಕಾಲ ಬಳಿಯೂ ಕ್ಲಚ್, ಬ್ರೇಕ್ ಇರುತ್ತದೆ. ಸಾಕಿನಾಕಾದ ಜಾಮಿನಲ್ಲಿ ಗಾಡಿ ಬಂದ್ ಬೀಳಬಾರದೆಂದು ಅವರೇ ಒತ್ತುತ್ತಾರೆ. ‘ಹಾಫ್ ಕ್ಲಚ್, ಹಾಫ್ ಕ್ಲಚ್’ ಎಂದು, ಅಂದರೆ ಪೆಡಲನ್ನು ಅರ್ಧವಷ್ಟೇ ಬಿಡಿ ಎಂದು, ಬಾಯಲ್ಲಿ ಹೇಳುತ್ತ ಕಾಲಲ್ಲಿ ತಾವೇ ಮಾಡಿಬಿಡುತ್ತಾರೆ. ಕ್ಲಚ್ ಹಿಡಿಯುವ ಜಾಗ ನಿಮ್ಮ ಪಾದಕ್ಕೆ ತಿಳಿಯುವುದೇ ಇಲ್ಲ. ಲೈಸೆನ್ಸ್ ಇರುವವರು ಐದನೇ ದಿನದಿಂದ ಸ್ವಂತ ಗಾಡಿಯಲ್ಲೇ ಕಲಿಸಿ ಎಂದು ಪಟ್ಟು ಹಿಡಿಯಬೇಕು. ಬಹಳ ಕಡೆ ಒಪ್ಪುತ್ತಾರೆ, ಅವರಿಗೂ ಪೆಟ್ರೋಲ್ ಉಳಿಯುತ್ತದಲ್ಲ. ಇನ್ನೊಂದು ಕೇಳಲೇಬೇಕಾದ್ದು: ಒಂದು ಗಂಟೆ ಎಂದರೆ ಸ್ಟೇರಿಂಗ್ ಹಿಡಿದ ಗಂಟೆಯೋ, ಹಿಂದಿನ ಸೀಟಿನಲ್ಲಿ ಕೂತು ಇನ್ನೊಬ್ಬರ ಸರದಿ ನೋಡಿದ್ದೂ ಸೇರಿತೋ? ಮೊದಲ ಸಲ ಕಲಿಯುವವರಿಗೆ ಕೇಂದ್ರ ಮೋಟಾರು ವಾಹನ ನಿಯಮಗಳ 31ನೇ ನಿಯಮ ಕನಿಷ್ಠ 21 ದಿನ, ಅದರಲ್ಲಿ 10 ಗಂಟೆ ನಿಜವಾಗಿ ಓಡಿಸಿರಬೇಕು ಎನ್ನುತ್ತದೆ. 2021ರಲ್ಲಿ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ಕಾರು ಕೋರ್ಸ್ 29 ಗಂಟೆ, ಅದರಲ್ಲಿ 21 ಗಂಟೆ ಓಡಿಸುವುದೇ. ರಿಫ್ರೆಶರಿಗೆ ಇಂಥ ಅಳತೆಗೋಲು ಇಲ್ಲದ್ದರಿಂದ ನೀವೇ ಗಡಿಯಾರ ನೋಡಬೇಕು.

ದುಡ್ಡಿಗೆ ತಕ್ಕದ್ದು ಸಿಕ್ಕಿದ್ದು ಪ್ಯಾರಲಲ್ ಪಾರ್ಕಿಂಗ್ ಪಾಠದಲ್ಲಿ. ಮಾಟುಂಗಾದ ಗಲ್ಲಿಯಲ್ಲಿ ಎಡಬದಿಗೆ ನಿಲ್ಲಿಸಬೇಕು ಅನ್ನಿ. ಜಾಗ ನಿಮ್ಮ ಗಾಡಿಗಿಂತ ಒಂದೂವರೆ ಪಟ್ಟು ಉದ್ದವಿರಲಿ. ಮುಂದಿನ ಗಾಡಿಯ ಪಕ್ಕದಲ್ಲಿ ಎರಡು ಅಡಿ ಬಿಟ್ಟು, ಎರಡರ ಹಿಂದಿನ ಬಂಪರೂ ಒಂದೇ ಸಾಲಿಗೆ ಬರುವಂತೆ ನಿಲ್ಲಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ, ರಿವರ್ಸ್, ಹಾಫ್ ಕ್ಲಚ್‌ನಲ್ಲಿ ಇರುವೆಯ ಹಾಗೆ. ಈ ಹೊತ್ತಿಗೆ ನಿಮ್ಮ ಮೂತಿ ಬಲಕ್ಕೆ, ರಸ್ತೆಯ ಕಡೆಗೆ ಬೀಸುತ್ತದೆ. ಬೈಕಿನವರು ನುಗ್ಗುವುದು ಅಲ್ಲೇ, ಆದ್ದರಿಂದ ಶುರು ಮಾಡುವ ಮೊದಲೇ ಬಲಗನ್ನಡಿ ನೋಡಿ. ಬಲಗನ್ನಡಿಯಲ್ಲಿ ಹಿಂದಿನ ಗಾಡಿಯ ಮುಖ ಪೂರ್ತಿ ಕಂಡಾಗ ನಿಲ್ಲಿಸಿ, ಸ್ಟೇರಿಂಗ್ ನೇರ ಮಾಡಿ, ಹಿಂದೆ ಬನ್ನಿ. ನಿಮ್ಮ ಮುಂದಿನ ಎಡ ಮೂಲೆ ಮುಂದಿನ ಗಾಡಿಯ ಬಂಪರನ್ನು ದಾಟಿತೇ? ದಾಟಿದ ಮೇಲಷ್ಟೇ ಪೂರ್ತಿ ಬಲಕ್ಕೆ ತಿರುಗಿಸುವುದು. ಅರ್ಧ ಅಡಿ ಮೊದಲೇ ತಿರುಗಿಸಿದರೆ ಆ ಎಡ ಮೂಲೆ ಸೀದಾ ಮುಂದಿನವರ ಟೇಲ್‌ಲ್ಯಾಂಪಿಗೆ. ಹೊಸಬರ ಕಣ್ಣೆಲ್ಲ ಹಿಂದೆ ಇರುತ್ತದೆ, ಪೆಟ್ಟು ಬೀಳುವುದು ಮುಂದೆ. ಹಿಂದಿನ ಕ್ಯಾಮೆರಾ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅರ್ಧ ಗಂಟೆ ಇದೊಂದನ್ನೇ ಮಾಡಿಸುವ ಮಾಸ್ತರು ಸಿಕ್ಕರೆ ಫೀಸು ಗಿಟ್ಟಿತು.

ಘಾಟ್ ಪಾಠ ಕೋರ್ಸಿನ ಪಟ್ಟಿಯಲ್ಲಿ ಇರಲಿಲ್ಲ, ಹೆಚ್ಚಿಗೆ ಕೊಟ್ಟು ಸೇರಿಸಿಕೊಳ್ಳಬೇಕಾಯಿತು. ಪುಣೆಗೆ ಹೋಗುವವರು, ಊರಿಗೆ ಕಶೇಡಿ ಘಾಟ್ ಅಥವಾ ಖಂಬಾಟಕಿ ದಾಟುವವರು ಇದನ್ನು ಬಿಡಬಾರದು. ಲೋಣಾವಳದಿಂದ ಖೋಪೋಲಿಗೆ ಇಳಿಯುವಾಗ ಇಳಿಜಾರು ಶುರುವಾಗುವ ಮೊದಲೇ ಮೂರನೇ ಗೇರಿಗೆ ಬನ್ನಿ. ವೇಗ ತಾನಾಗಿ ಏರತೊಡಗಿದರೆ ಎರಡಕ್ಕೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ಒತ್ತಿ, ಬಿಡಿ, ಮತ್ತೆ ಒತ್ತಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವವರು ಇನ್ನೂ ಇದ್ದಾರೆ. ಅವರು ಉಳಿಸುವುದೇನೂ ಇಲ್ಲ: ಗೇರಿನಲ್ಲಿ ಇಳಿಯುವಾಗ ಈಗಿನ ಇಂಜೆಕ್ಷನ್ ಎಂಜಿನ್ ಇಂಧನವನ್ನೇ ನಿಲ್ಲಿಸುತ್ತದೆ, ನ್ಯೂಟ್ರಲಿನಲ್ಲಿ ಕುಡಿಯುತ್ತಲೇ ಇರುತ್ತದೆ. ಏರಿನಲ್ಲಿ ಲಾರಿಯ ಹಿಂದೆ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯಿರಿ, ಮೊದಲ ಗೇರು, ಮೂತಿ ತುಸು ಎದ್ದು ಎಂಜಿನ್ ಸದ್ದು ತಗ್ಗುವವರೆಗೆ ಕ್ಲಚ್ ಬಿಡಿ, ಸ್ವಲ್ಪ ಆ್ಯಕ್ಸಿಲರೇಟರ್, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಇದನ್ನು ಬಿಟ್ಟು ಕ್ಲಚ್ಚಿನಲ್ಲೇ ಗಾಡಿ ತಡೆದು ನಿಲ್ಲಿಸಿದರೆ ಸುಟ್ಟ ವಾಸನೆ ಬರುತ್ತದೆ. ಆ ಕ್ಲಚ್ ಪ್ಲೇಟ್ ಸವೆತದ ಲೆಕ್ಕಕ್ಕೆ ಹೋಗುತ್ತದೆ, ಇನ್ಶೂರೆನ್ಸಿನಿಂದ ಒಂದು ಪೈಸೆ ಬರುವುದಿಲ್ಲ.

ಒಂದು ದಿನದ ಡಿಫೆನ್ಸಿವ್ ತರಗತಿ ಅರ್ಧ ಪ್ರವಚನ. ಮುಂದಿನ ಗಾಡಿಗೂ ನಮಗೂ ಮೂರು ಸೆಕೆಂಡು ಅಂತರ ಎಂಬ ಪಾಠ ಎಕ್ಸ್‌ಪ್ರೆಸ್‌ವೇಯಲ್ಲಿ ಉಪಯೋಗಕ್ಕೆ ಬಂತು, ಎಲ್‌ಬಿಎಸ್ ರಸ್ತೆಯಲ್ಲಿ ಆ ಅಂತರಕ್ಕೆ ಎರಡು ರಿಕ್ಷಾ ತೂರುತ್ತವೆ. ಮಧ್ಯಾಹ್ನ ಎಬಿಎಸ್ (ಬ್ರೇಕ್ ತುಳಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಬ್ರೇಕನ್ನು ಪೂರ್ತಿ ತುಳಿದು ಪಕ್ಕಕ್ಕೆ ತಿರುಗಿಸುವ ಅಭ್ಯಾಸ ಮಾಡಿಸಿದರು. ಪೆಡಲ್ ಕಾಲಡಿ ಗಡಗಡ ನಡುಗುತ್ತದೆ, ಗೊತ್ತಿಲ್ಲದವರು ಹೆದರಿ ಕಾಲು ತೆಗೆದುಬಿಡುತ್ತಾರೆ. ಆ ಒಂದು ಗಂಟೆ ಚೆನ್ನಾಗಿತ್ತು. ಪುಣೆಯವರು ನಾಶಿಕ್ ಫಾಟಾ ಬಳಿಯ ಚಾಲನಾ ತರಬೇತಿ ಸಂಸ್ಥೆ ಐಡಿಟಿಆರ್‌ನಲ್ಲಿ ವಿಚಾರಿಸಬಹುದು, ಅಲ್ಲಿ ಬೇರೆಯೇ ಟ್ರ್ಯಾಕ್ ಇದೆ.

ಆ್ಯಪ್‌ನ ಆ್ಯಡ್-ಆನ್‌ಗೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2022ರ ಜುಲೈಯಲ್ಲಿ ಅನುಮತಿ ಕೊಟ್ಟಿತು. ಕಡಿಮೆ ಓಡಿಸುವವರಿಗೆ ಒಂದು ಬಗೆ, ಮೆತ್ತಗೆ ಓಡಿಸುವವರಿಗೆ ಇನ್ನೊಂದು. ನಮ್ಮ ದೇಶದಲ್ಲಿ ಒಳ್ಳೆಯ ಡ್ರೈವಿಂಗಿಗೆ ನೇರವಾಗಿ ಬೆಲೆ ಕಟ್ಟುವುದು ಸದ್ಯ ಈ ಎರಡನೆಯದೇ, ಆದರೆ ಫೋನ್ ನಂಬಿಕೊಂಡ ಬಗೆ ತೊಂದರೆ. ರಿಕ್ಷಾದಲ್ಲಿ ಕೂತು ಹೋದದ್ದನ್ನೂ ಅದು ನಿಮ್ಮ ಟ್ರಿಪ್ ಎಂದು ಬರೆದುಕೊಳ್ಳುತ್ತದೆ, ರಿಕ್ಷಾದವನ ಬ್ರೇಕಿಗೆ ನಿಮ್ಮ ಅಂಕ ಹೋಗುತ್ತದೆ. ‘ನಾನು ಪ್ರಯಾಣಿಕ’ ಎಂದು ಪ್ರತಿ ಸಲ ಒತ್ತಬೇಕು, ವಾರ ಕಳೆದರೆ ತಿದ್ದಲು ಬರುವುದಿಲ್ಲ. ಗುಂಡಿ ತಪ್ಪಿಸಲು ಬ್ರೇಕ್ ಹಾಕಿದರೂ ದಂಡವೇ. ಗಾಡಿಗೇ ಜೋಡಿಸುವ ಸಾಧನ ಕೊಡುವವರಿದ್ದರೆ ತೆಗೆದುಕೊಳ್ಳಿ, ಬರೀ ಫೋನಿನದಾದರೆ ಬೇಡ.

ಉಳಿದ ರಿಯಾಯಿತಿಗಳಲ್ಲಿ ಕೆಲಸಕ್ಕೆ ಬರುವುದು ವಾಲಂಟರಿ ಡಿಡಕ್ಟಿಬಲ್. ಹಳೆಯ ಟ್ಯಾರಿಫ್ ಪ್ರಕಾರ ಪ್ರತಿ ಕ್ಲೇಮಿನಲ್ಲಿ ಮೊದಲ 2,500 ನಾನೇ ಭರಿಸುತ್ತೇನೆ ಎಂದರೆ ಓನ್ ಡ್ಯಾಮೇಜ್ ಮೇಲೆ 20%, ಗರಿಷ್ಠ 750 ರೂಪಾಯಿ ಕಡಿತ. ಈಗ ಕಂಪನಿಗೊಂದು ರೀತಿ. ಮೇಲಿನ ಬಂಪರ್ ಲೆಕ್ಕ ಒಪ್ಪಿದವರು ಸಣ್ಣ ಕ್ಲೇಮು ಹೇಗೂ ಮಾಡುವುದಿಲ್ಲ, ಮತ್ತೆ ಇದನ್ನು ಬಿಡುವುದೇಕೆ? ಆಟೊಮೊಬೈಲ್ ಅಸೋಸಿಯೇಶನ್ ಸದಸ್ಯರಿಗೆ 5%, ಆದರೆ ಮಿತಿ 200 ರೂಪಾಯಿ. ರಸ್ತೆಯಲ್ಲಿ ಕೈಕೊಟ್ಟಾಗ ನೆರವು ಬೇಕೆನ್ನುವವರಿಗೆ ಸರಿ, ರಿಯಾಯಿತಿಗಾಗಿ ಸೇರಬೇಡಿ.

ಹುಡುಗರು ಎಡವುವ ಕೆಲವು ಜಾಗ. ಲರ್ನರ್ ಲೈಸೆನ್ಸ್ ಇದ್ದಾಗ ಮನೆಯ ಗಾಡಿ ಓಡಿಸುವುದಾದರೆ ಪಕ್ಕದಲ್ಲಿ ಪಕ್ಕಾ ಲೈಸೆನ್ಸಿನವರು, ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಇರಲೇಬೇಕು. ಇಲ್ಲದಿದ್ದರೆ ಕ್ಲೇಮು ತಳ್ಳಿಹಾಕಲು ಯಾರು ಓಡಿಸಬಹುದು ಎಂಬ ಪಾಲಿಸಿಯ ಷರತ್ತೇ ಸಾಕು. ಎನ್‌ಸಿಬಿ ಗಾಡಿಯದಲ್ಲ, ಮಾಲೀಕರದು. ಅಪ್ಪನ 50% ಮಗನ ಹೆಸರಿನ ಹೊಸ ಗಾಡಿಗೆ ಬರುವುದಿಲ್ಲ, ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡರೆ ಹಳೆಯ ಮಾಲೀಕರದ್ದೂ ಬರುವುದಿಲ್ಲ. ಕಂಪನಿ ಬದಲಿಸುವಾಗ ಏಜೆಂಟ್ ಕೈತಪ್ಪಿ ಇಲ್ಲದ ಎನ್‌ಸಿಬಿ ತುಂಬಿಸಿದರೆ ಹೊಸ ಕಂಪನಿ ಹಳೆಯದಕ್ಕೆ ಪತ್ರ ಬರೆದು ಪತ್ತೆ ಮಾಡುತ್ತದೆ, ಪೆಟ್ಟು ಬೀಳುವುದು ಕ್ಲೇಮಿನ ದಿನ. ಪಾಲಿಸಿ ಮುಗಿದು 90 ದಿನ ದಾಟಿದರೂ ಕೂಡಿಟ್ಟ ಬೋನಸ್ಸೆಲ್ಲ ಹೋಯಿತು.

ಕೋರ್ಸಿಗೆ ಜೂನ್–ಜುಲೈಯ ಬ್ಯಾಚ್ ಹಿಡಿಯಿರಿ, ಬೇಸಗೆಯದು ಬೇಡ. ಮಿಲನ್ ಸಬ್‌ವೇ, ಹಿಂದ್‌ಮಾತಾ ಕಡೆ ನೀರು ನಿಂತಾಗ ಗಾಲಿಯ ಅರ್ಧಕ್ಕಿಂತ ಮೇಲೆ ಕಂಡರೆ ಹಿಂದಿರುಗುವುದು, ಕಡಿಮೆಯಾದರೆ ಮೊದಲ ಗೇರಿನಲ್ಲಿ ಆ್ಯಕ್ಸಿಲರೇಟರ್ ಬಿಡದೆ ಒಂದೇ ಹದದಲ್ಲಿ ದಾಟುವುದು, ಇವೆಲ್ಲ ಮಳೆಯಲ್ಲೇ ಕಲಿಯಬೇಕು. ನೀರಿನಲ್ಲಿ ಗಾಡಿ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು: ಸಿಲಿಂಡರಿಗೆ ಹೊಕ್ಕ ನೀರನ್ನು ಪಿಸ್ಟನ್ ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ ರಾಡ್ ಕಂಡ, ಹಾನಿ ಅಳೆಯಲು ಬರುವ ಸರ್ವೇಯರ್ ‘ಇದು ನೀರಿನಿಂದಲ್ಲ, ನೀವು ಕೀ ತಿರುಗಿಸಿದ್ದರಿಂದ’ ಎಂದು ಬರೆಯುತ್ತಾರೆ, ಎಂಜಿನ್ ಪ್ರೊಟೆಕ್ಟ್ ಎಂಬ ಆ್ಯಡ್-ಆನ್ ಇಲ್ಲದ ಪಾಲಿಸಿಯಲ್ಲಿ ಅದಕ್ಕೆ ಹಣವಿಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಗಾಡಿ ತಳ್ಳಿಸಿ, ಎತ್ತರದ ಜಾಗದಲ್ಲಿ ನಿಲ್ಲಿಸಿ, ಟೋ ಗಾಡಿಗೆ ಫೋನ್ ಮಾಡಿ.